ಹೊಟ್ಟೆಯಲ್ಲಿದ್ದಾಗಲೇ ಬೆಳವಣಿಗೆ ಕುಂಠಿತವಾಗಿತ್ತೇ? ಹುಟ್ಟಿದ ದಿನದ ಅಳತೆಗಳನ್ನು ಓದುವ ಬಗೆ

"ಮಗು 2.3 ಕೆಜಿ ಇದೆ, ಕಡಿಮೆಯಾಯಿತಾ?" ಕೇರಳದ ಕಾಸರಗೋಡು ಜಿಲ್ಲೆಯ ಮಂಜೇಶ್ವರ, ಕುಂಬಳೆ, ಬದಿಯಡ್ಕ ಕಡೆಯ ಓದುಗರು ಮತ್ತೆ ಮತ್ತೆ ಕೇಳುವ ಪ್ರಶ್ನೆ ಇದು. ಇದಕ್ಕೆ ಉತ್ತರ ಹೇಳಬೇಕಾದರೆ ಮೊದಲು ನಾನೇ ಒಂದು ಪ್ರಶ್ನೆ ಕೇಳಬೇಕಾಗುತ್ತದೆ: ಎಷ್ಟು ವಾರಕ್ಕೆ ಹುಟ್ಟಿತು? ಅದು ಗೊತ್ತಿಲ್ಲದೆ 2.3 ಎನ್ನುವ ಅಂಕಿಯಿಂದ ಏನನ್ನೂ ಹೇಳಲಾಗದು.

ನಮ್ಮ ಕಡೆಯವರಿಗೆ ಇನ್ನೊಂದು ತೊಡಕೂ ಇದೆ. ಎಷ್ಟೋ ಮನೆಗಳಲ್ಲಿ ಹೆರಿಗೆ ಮಂಗಳೂರಿನಲ್ಲಿ ಆಗುತ್ತದೆ, ಡಿಸ್ಚಾರ್ಜ್ ಸಮ್ಮರಿ ಇಂಗ್ಲಿಷಿನಲ್ಲಿ ಬರುತ್ತದೆ. ಊರಿಗೆ ಬಂದ ಮೇಲೆ ಆರೋಗ್ಯ ಕೇಂದ್ರದ ಕಾರ್ಡು, ಸೂಚನೆ ಎಲ್ಲ ಮಲಯಾಳದಲ್ಲಿ. ಮನೆಯಲ್ಲಿ ಕನ್ನಡವೋ ತುಳುವೋ. ಹೀಗಾಗಿ ಕಾಗದಗಳು ಕವರಿನೊಳಗೇ ಉಳಿದುಬಿಡುತ್ತವೆ. ಆದರೆ ಆ ಕಾಗದದಲ್ಲಿರುವ ನಾಲ್ಕೈದು ಅಂಕಿಗಳನ್ನು ಓದಲು ಭಾಷೆ ಬೇಕಿಲ್ಲ. ಗರ್ಭದ ವಾರ, ತೂಕ, ಉದ್ದ, ತಲೆಯ ಸುತ್ತಳತೆ, ಸಿಕ್ಕಿದರೆ ಎದೆ ಮತ್ತು ತೋಳಿನ ಸುತ್ತಳತೆ: ಇವನ್ನು ಒಟ್ಟಿಗಿಟ್ಟು ನೋಡಿದರೆ ಮಗು ಹೊಟ್ಟೆಯಲ್ಲಿ ಸರಿಯಾಗಿ ಬೆಳೆದಿತ್ತೇ, ಇಲ್ಲವಾದರೆ ಸುಮಾರಾಗಿ ಯಾವ ಹಂತದಲ್ಲಿ ಹಿಂದೆ ಬಿತ್ತು ಎಂಬ ಸುಳಿವು ಸಿಗುತ್ತದೆ.

ರೋಗ ನಿರ್ಣಯ ವೈದ್ಯರ ಕೆಲಸ. ವೈದ್ಯರ ಎದುರು ಸರಿಯಾದ ಪ್ರಶ್ನೆ ಕೇಳುವಷ್ಟು ತಿಳಿದಿರುವುದು ನಿಮ್ಮ ಕೆಲಸ. ಈ ಲೇಖನ ಅಷ್ಟಕ್ಕೆ ಮಾತ್ರ.

ಮೊದಲು ತೆಗೆದಿಟ್ಟುಕೊಳ್ಳಿ

ಡಿಸ್ಚಾರ್ಜ್ ಸಮ್ಮರಿ, ತಾಯಿ-ಮಗು ರಕ್ಷಣಾ ಕಾರ್ಡ್, ಗರ್ಭಿಣಿಯಾಗಿದ್ದಾಗಿನ ಎಲ್ಲ ಸ್ಕ್ಯಾನಿಂಗ್ ರಿಪೋರ್ಟುಗಳು. ಇವುಗಳಲ್ಲಿ ಮೊದಲ ಮೂರು ತಿಂಗಳ ಸ್ಕ್ಯಾನ್ ಅತಿ ಮುಖ್ಯ, ಮತ್ತು ಹೆಚ್ಚಿನ ಮನೆಗಳಲ್ಲಿ ಕಳೆದುಹೋಗಿರುವುದೂ ಅದೇ. ಜೊತೆಗೆ ಹಿಗ್ಗದ ಅಳತೆ ಟೇಪು ಮತ್ತು ಕ್ಯಾಲ್ಕುಲೇಟರ್ ಇರುವ ಫೋನು. ಟೈಲರ್ ಬಳಸುವ ಹಳೆಯ ಬಟ್ಟೆ ಟೇಪು ಬೇಡ. ಅದು ಎಳೆದೆಳೆದು ಹಿಗ್ಗಿರುತ್ತದೆ, ಅರ್ಧ ಸೆಂಟಿಮೀಟರ್ ಆಚೀಚೆಯಾದರೂ ಇಲ್ಲಿ ಲೆಕ್ಕ ತಪ್ಪುತ್ತದೆ.

ಸಮ್ಮರಿಯಲ್ಲಿ ಕಾಣುವ ಕೆಲವು ಸಂಕ್ಷೇಪಗಳು: ಎಲ್‌ಎಂಪಿ ಎಂದರೆ ಕೊನೆಯ ಮುಟ್ಟಿನ ಮೊದಲ ದಿನ. ಇಡಿಡಿ ಎಂದರೆ ಹೆರಿಗೆಯ ಅಂದಾಜು ದಿನ. "38+4" ಎಂದಿದ್ದರೆ 38 ವಾರ 4 ದಿನ. ಎಚ್‌ಸಿ ಅಥವಾ ಓಎಫ್‌ಸಿ ಎಂದರೆ ತಲೆಯ ಸುತ್ತಳತೆ. ಎಜಿಎ ಎಂದರೆ ವಾರಕ್ಕೆ ತಕ್ಕ ತೂಕ, ಎಸ್‌ಜಿಎ ಎಂದರೆ ವಾರಕ್ಕೆ ಹೋಲಿಸಿದರೆ ಸಣ್ಣ ಮಗು, ಎಲ್‌ಬಿಡಬ್ಲ್ಯೂ ಎಂದರೆ 2.5 ಕೆಜಿಗಿಂತ ಕಡಿಮೆ ತೂಕ. ಐಯುಜಿಆರ್ ಅಥವಾ ಎಫ್‌ಜಿಆರ್ ಎಂದು ಬರೆದಿದ್ದರೆ ಗರ್ಭದಲ್ಲಿ ಬೆಳವಣಿಗೆ ಕುಂಠಿತವಾಗಿದೆ ಎಂದರ್ಥ.

ಎಸ್‌ಜಿಎ ಮತ್ತು ಎಫ್‌ಜಿಆರ್ ಒಂದೇ ಅಲ್ಲ. ಅಪ್ಪ ಅಮ್ಮ ಇಬ್ಬರೂ ಸಣ್ಣ ಮೈಕಟ್ಟಿನವರಾದರೆ ಮಗುವೂ ಸಣ್ಣದಾಗಿ, ಆದರೆ ಪೂರ್ಣ ಆರೋಗ್ಯದಿಂದ ಹುಟ್ಟಬಹುದು. ಇನ್ನೊಂದು ಮಗು 3.2 ಕೆಜಿ ಆಗಬೇಕಾಗಿದ್ದದ್ದು ಕೊನೆಯ ತಿಂಗಳಲ್ಲಿ ಪೋಷಣೆ ನಿಂತು 2.9 ಕೆಜಿಗೆ ಹುಟ್ಟಬಹುದು. ಅದು ಎಸ್‌ಜಿಎ ಅಲ್ಲ, ಆದರೂ ಅದರ ಬೆಳವಣಿಗೆ ಕುಂಠಿತವಾಗಿದೆ. ಒಂದೇ ಅಳತೆಯನ್ನು ನೆಚ್ಚಿಕೊಳ್ಳಬಾರದು ಎನ್ನುವುದು ಇದೇ ಕಾರಣಕ್ಕೆ.

ಹಂತ 1: ವಾರವನ್ನು ಖಚಿತಪಡಿಸಿಕೊಳ್ಳಿ

ಹೆಚ್ಚು ತಪ್ಪಾಗುವುದು ಇಲ್ಲಿಯೇ, ಆದ್ದರಿಂದ ಸ್ವಲ್ಪ ನಿಧಾನವಾಗಿ ಓದಿ.

ಗರ್ಭದ ವಾರ ಲೆಕ್ಕ ಹಾಕಲು ಅತ್ಯಂತ ನಂಬಿಕೆಯ ಆಧಾರ 14 ವಾರ ತುಂಬುವ ಮೊದಲು ಮಾಡಿಸಿದ ಸ್ಕ್ಯಾನ್. ಆ ಹಂತದಲ್ಲಿ ಭ್ರೂಣದ ತಲೆಯಿಂದ ಪೃಷ್ಠದವರೆಗಿನ ಉದ್ದ (ಸಿಆರ್‌ಎಲ್) ಅಳೆಯುತ್ತಾರೆ. ಎಲ್ಲ ಭ್ರೂಣಗಳೂ ಆಗ ಹೆಚ್ಚುಕಡಿಮೆ ಒಂದೇ ವೇಗದಲ್ಲಿ ಬೆಳೆಯುವುದರಿಂದ ಒಂದು ವಾರಕ್ಕಿಂತ ಹೆಚ್ಚು ವ್ಯತ್ಯಾಸ ಬರುವುದಿಲ್ಲ. ಮುಟ್ಟು ಪ್ರತಿ ತಿಂಗಳೂ ಸರಿಯಾಗಿ ಆಗುತ್ತಿದ್ದು ದಿನ ನೆನಪಿದ್ದರೆ ಎಲ್‌ಎಂಪಿಯೂ ಉಪಯೋಗಕ್ಕೆ ಬರುತ್ತದೆ.

ಈಗ ಅಪಾಯದ ಜಾಗ. ಏಳನೇ ಎಂಟನೇ ತಿಂಗಳ ಸ್ಕ್ಯಾನ್ ರಿಪೋರ್ಟಿನಲ್ಲೂ ಒಂದು ಇಡಿಡಿ ಇರುತ್ತದೆ. ಯಂತ್ರವು ಆ ದಿನ ಮಗು ಎಷ್ಟು ದೊಡ್ಡದಿದೆ ಎಂಬುದನ್ನು ನೋಡಿ ವಾರ ಊಹಿಸಿರುತ್ತದೆ. ಮಗು ನಿಜಕ್ಕೂ 34 ವಾರದ್ದಾಗಿದ್ದು ಬೆಳವಣಿಗೆ ಹಿಂದೆ ಬಿದ್ದಿದ್ದರೆ ಯಂತ್ರ "31 ವಾರ" ಎನ್ನಬಹುದು. ಮನೆಯವರು "ದಿನ ಮುಂದೆ ಹೋಯಿತು" ಎಂದು ಸಮಾಧಾನಪಟ್ಟುಕೊಳ್ಳುತ್ತಾರೆ. ಹುಟ್ಟಿದಾಗ ಆ ತಪ್ಪು ವಾರಕ್ಕೆ ತೂಕ ಸರಿಯಾಗಿಯೇ ಹೊಂದುತ್ತದೆ, ಬೆಳವಣಿಗೆ ಕುಂಠಿತವಾದ ಸಂಗತಿ ಕಾಗದದಿಂದಲೇ ಮಾಯವಾಗುತ್ತದೆ. ಮೊದಲ ಸ್ಕ್ಯಾನಿನ ಇಡಿಡಿ ಒಮ್ಮೆ ನಿಗದಿಯಾದ ಮೇಲೆ ಕೊನೆಯ ತಿಂಗಳ ಸ್ಕ್ಯಾನಿನಿಂದ ಅದನ್ನು ಬದಲಿಸಬಾರದು. ಎರಡರ ನಡುವೆ ಎರಡು ಮೂರು ವಾರ ಅಂತರ ಕಂಡರೆ ಅದು ದಿನ ಮುಂದೆ ಹೋದ ಸೂಚನೆಯಲ್ಲ, ವೈದ್ಯರ ಬಳಿ ಕೇಳಲೇಬೇಕಾದ ವಿಷಯ.

ಮೊದಲ ಸ್ಕ್ಯಾನೂ ಇಲ್ಲ, ಮುಟ್ಟಿನ ದಿನವೂ ನೆನಪಿಲ್ಲವೆಂದರೆ ಮಕ್ಕಳ ವೈದ್ಯರು ಹುಟ್ಟಿದ ಮಗುವಿನ ಚರ್ಮ, ಕಿವಿ, ಅಂಗಾಲಿನ ಗೆರೆ, ಕೈಕಾಲಿನ ಬಿಗಿ ನೋಡಿ ಬ್ಯಾಲರ್ಡ್ ಸ್ಕೋರ್ ಹಾಕಿ ವಾರ ಅಂದಾಜಿಸುತ್ತಾರೆ. ಅದರಲ್ಲಿ ಎರಡು ವಾರ ಆಚೀಚೆ ಆಗಬಹುದು.

ಹಂತ 2: ತೂಕ

ಹುಟ್ಟಿದ ಕೂಡಲೇ ಮಗುವನ್ನು ತಾಯಿಯ ಎದೆಯ ಮೇಲೆ ಮಲಗಿಸಿ, ಮೊದಲ ಹಾಲು ಕುಡಿಸಿ, ಆಮೇಲೆ ತೂಕ ನೋಡಿದರೆ ಸಾಕು. ಆದರೆ ಅದೇ ದಿನ ನೋಡಬೇಕು, ಬಟ್ಟೆಯಿಲ್ಲದೆ ನೋಡಬೇಕು, ಎಲೆಕ್ಟ್ರಾನಿಕ್ ತಕ್ಕಡಿ ಸೊನ್ನೆಗೆ ಬಂದ ಮೇಲೆ ನೋಡಬೇಕು. ಗ್ರಾಮಿನಲ್ಲಿ ಬರೆಯಬೇಕು. 2,460 ಗ್ರಾಂ ಇದ್ದದ್ದನ್ನು "2.5" ಎಂದು ಬರೆದುಬಿಟ್ಟರೆ ಮಗು ಒಂದೇ ಏಟಿಗೆ ಕಡಿಮೆ ತೂಕದ ಪಟ್ಟಿಯಿಂದ ಹೊರಬೀಳುತ್ತದೆ. ಸಮ್ಮರಿಯಲ್ಲಿ 2.5, 3.0 ಎಂಬ ದುಂಡನೆಯ ಅಂಕಿ ಕಂಡರೆ ನಿಜವಾದ ತೂಕ ಎಷ್ಟು ಎಂದು ಆಸ್ಪತ್ರೆಯಲ್ಲೇ ಕೇಳಿ ಬರೆಸಿಕೊಳ್ಳಿ.

ಇನ್ನೊಂದು ಗೊಂದಲ: ಮೊದಲ ಕೆಲವು ದಿನಗಳಲ್ಲಿ ಮಗು ತೂಕ ಕಳೆದುಕೊಳ್ಳುವುದು ಸಹಜ, ನೂರಕ್ಕೆ 7ರಿಂದ 10ರವರೆಗೆ. ಮೂರನೇ ದಿನ ಆಶಾ ಕಾರ್ಯಕರ್ತೆ ಮನೆಗೆ ಬಂದು ತೂಗಿದ ಅಂಕಿಯನ್ನು ಹುಟ್ಟಿದ ತೂಕ ಎಂದು ಚಾರ್ಟಿಗೆ ಹಾಕಿದರೆ ಆರೋಗ್ಯವಾಗಿರುವ ಮಗುವೂ ಕುಂಠಿತವಾದಂತೆ ಕಾಣುತ್ತದೆ.

ಹಂತ 3: ಉದ್ದ

ಉದ್ದ ಅಳೆಯಲು ಇಬ್ಬರು ಬೇಕು, ಜೊತೆಗೆ ಇನ್‌ಫ್ಯಾಂಟೋಮೀಟರ್ ಎಂಬ ಹಲಗೆ. ಒಬ್ಬರು ತಲೆಯನ್ನು ಸ್ಥಿರವಾದ ಹಲಗೆಗೆ ತಾಗಿಸಿ, ಮಗುವಿನ ನೋಟ ನೇರ ಮೇಲಕ್ಕಿರುವಂತೆ ಹಿಡಿಯಬೇಕು. ಇನ್ನೊಬ್ಬರು ಮೊಣಕಾಲನ್ನು ಮೆಲ್ಲಗೆ ಒತ್ತಿ ನೇರ ಮಾಡಿ, ಅಂಗಾಲು ನೆಟ್ಟಗೆ ನಿಲ್ಲುವಂತೆ ಜಾರುಹಲಗೆಯನ್ನು ತಾಗಿಸಬೇಕು. ಕಾಲು ಹಿಡಿದು ತಲೆಕೆಳಗಾಗಿ ಎತ್ತಿ ಅಳೆಯುವುದು, ಮೈಯ ಉಬ್ಬುತಗ್ಗಿನ ಮೇಲೆ ಟೇಪು ಹಾಯಿಸುವುದು ಎರಡೂ ತಪ್ಪು.

ಆಸ್ಪತ್ರೆಗಳಲ್ಲಿ ಅತಿ ಅವಸರದಲ್ಲಿ ಮುಗಿಯುವ ಅಳತೆ ಇದು. ಕೆಲವು ಸಮ್ಮರಿಗಳಲ್ಲಿ ಎಲ್ಲ ಮಕ್ಕಳದ್ದೂ 50 ಸೆಂ.ಮೀ. ಎಂದೇ ಇರುತ್ತದೆ! ಹಂತ 6ರ ಲೆಕ್ಕ ಪೂರ್ತಿಯಾಗಿ ಉದ್ದದ ಮೇಲೆ ನಿಂತಿದೆ, ಹಾಗಾಗಿ ಡಿಸ್ಚಾರ್ಜಿಗೆ ಮೊದಲೇ "ಸಿಸ್ಟರ್, ಉದ್ದ ಒಮ್ಮೆ ಅಳೆದು ಬರೆಯುತ್ತೀರಾ?" ಎಂದು ಕೇಳುವುದಕ್ಕೆ ಸಂಕೋಚ ಬೇಡ.

ಹಂತ 4: ತಲೆ, ಎದೆ, ತೋಳು

ತಲೆಗೆ ಟೇಪು ಹಾಕುವುದು ಹುಬ್ಬಿನ ಮೇಲ್ಗಡೆಯಿಂದ ಹಿಂದಲೆಯ ಅತಿ ಉಬ್ಬಿದ ಭಾಗದ ಸುತ್ತ. ಮೂರು ಸಲ ಅಳೆದು ದೊಡ್ಡ ಅಂಕಿಯನ್ನು ಬರೆಯಬೇಕು. ಸಹಜ ಹೆರಿಗೆಯಲ್ಲಿ ತಲೆ ಉದ್ದಕ್ಕೆ ಎಳೆದಂತಾಗಿರುತ್ತದೆ, ನೆತ್ತಿಯಲ್ಲಿ ನೀರು ತುಂಬಿದ ಊತವೂ ಇರಬಹುದು. ಒಂದೆರಡು ದಿನದಲ್ಲಿ ಅವು ತಾವಾಗಿ ಇಳಿಯುತ್ತವೆ. ಅಂಥ ಮಕ್ಕಳ ತಲೆಯನ್ನು 48 ಗಂಟೆಯ ನಂತರ ಇನ್ನೊಮ್ಮೆ ಅಳೆಯಿರಿ. (ತಲೆ ಉರುಟಾಗಲಿ ಎಂದು ಮೀಯಿಸುವವರು ಒತ್ತುವುದುಂಟು. ಅದರಿಂದ ಉಪಯೋಗವಿಲ್ಲ, ಸಣ್ಣ ಮಗುವಿಗಂತೂ ಖಂಡಿತ ಬೇಡ.)

ಎದೆಯ ಸುತ್ತಳತೆ ತೆಗೆಯುವುದು ಮೊಲೆತೊಟ್ಟಿನ ಮಟ್ಟದಲ್ಲಿ. ತಿಂಗಳು ತುಂಬಿ ಹುಟ್ಟಿದ ಮಗುವಿನ ತಲೆ ಎದೆಗಿಂತ ಸುಮಾರು 2 ಸೆಂ.ಮೀ. ದೊಡ್ಡದಿರುತ್ತದೆ. ವ್ಯತ್ಯಾಸ 3 ಸೆಂ.ಮೀ. ದಾಟಿದರೆ ಮೈ ಸೊರಗಿದೆ ಎಂಬ ಸಂಶಯ. ತೋಳಿನ ಸುತ್ತಳತೆಗೆ ಎಡತೋಳಿನ ಹೆಗಲ ಮೂಳೆಗೂ ಮೊಣಕೈ ತುದಿಗೂ ನಡುಮಧ್ಯೆ ಟೇಪು ಹಾಕಿ, ಚರ್ಮ ಒತ್ತದಷ್ಟು ಸಡಿಲವಾಗಿ. ತೋಳಿನ ಅಂಕಿಯನ್ನು ತಲೆಯ ಅಂಕಿಯಿಂದ ಭಾಗಿಸಿದಾಗ 0.27ಕ್ಕಿಂತ ಕಡಿಮೆ ಬಂದರೆ ಅದೂ ಅದೇ ಕಡೆಗೆ ಬೆರಳು ತೋರಿಸುತ್ತದೆ.

ಹಂತ 5: ಚಾರ್ಟಿನಲ್ಲಿ ಇಟ್ಟು ನೋಡಿ

ಶೇಕಡಾಂಕ ಅಥವಾ ಪರ್ಸೆಂಟೈಲ್ ಎಂದರೆ ಹೀಗೆ: ಒಂದೇ ವಾರಕ್ಕೆ ಹುಟ್ಟಿದ ನೂರು ಆರೋಗ್ಯವಂತ ಗಂಡು (ಅಥವಾ ಹೆಣ್ಣು) ಮಕ್ಕಳನ್ನು ಕಡಿಮೆ ತೂಕದಿಂದ ಹೆಚ್ಚು ತೂಕಕ್ಕೆ ಸಾಲಾಗಿ ನಿಲ್ಲಿಸಿದರೆ ನಿಮ್ಮ ಮಗು ಎಷ್ಟನೆಯದು ಎಂಬುದು. 10ಕ್ಕಿಂತ ಕೆಳಗಿದ್ದರೆ ಎಸ್‌ಜಿಎ, 3ಕ್ಕಿಂತ ಕೆಳಗಿದ್ದರೆ ತೀವ್ರ.

ಇದಕ್ಕೆ ಇಂಟರ್‌ಗ್ರೋತ್-21 ಚಾರ್ಟ್ ಒಳ್ಳೆಯದು. ಎಂಟು ದೇಶಗಳ ಮಕ್ಕಳನ್ನು ಅಳೆದು 2014ರಲ್ಲಿ ಪ್ರಕಟಿಸಿದ್ದು ಅದು. ಭಾರತದಿಂದ ನಾಗ್ಪುರದ ಮಕ್ಕಳು ಅದರಲ್ಲಿದ್ದಾರೆ. ಲೆಕ್ಕ ಹಾಕುವ ಉಚಿತ ಸಾಧನವೂ ಅಂತರ್ಜಾಲದಲ್ಲಿದೆ, ವಾರ, ದಿನ, ಗಂಡೋ ಹೆಣ್ಣೋ ಎಂಬುದನ್ನು ಕೊಟ್ಟರೆ ತೂಕ, ಉದ್ದ, ತಲೆ ಮೂರರ ಶೇಕಡಾಂಕವನ್ನೂ ಹೇಳುತ್ತದೆ. ಅವಧಿಗೆ ಮುಂಚೆ ಹುಟ್ಟಿದವರಿಗೆ ಫೆಂಟನ್ ಚಾರ್ಟನ್ನೂ ಆಸ್ಪತ್ರೆಗಳು ಬಳಸುತ್ತವೆ.

ಚಾರ್ಟ್ ಕೈಗೆ ಸಿಗದಿದ್ದರೆ, ತಿಂಗಳು ತುಂಬಿ ಹುಟ್ಟಿದ ಮಗುವಿಗೆ ಮಾತ್ರ, ವಿಶ್ವ ಆರೋಗ್ಯ ಸಂಸ್ಥೆಯ 2006ರ ಅಂಕಿಗಳನ್ನು ನೆನಪಿಟ್ಟುಕೊಳ್ಳಬಹುದು. ಗಂಡು ಮಗುವಿನ ನಡುಮಟ್ಟ 3.3 ಕೆಜಿ, 49.9 ಸೆಂ.ಮೀ. ಉದ್ದ, 34.5 ಸೆಂ.ಮೀ. ತಲೆ. ಹೆಣ್ಣಿಗೆ 3.2 ಕೆಜಿ, 49.1, 33.9. ತೀರಾ ಕೆಳಗಿನ ಗಡಿ ಗಂಡಿಗೆ 2.5 ಕೆಜಿ, 46.1, 31.9, ಹೆಣ್ಣಿಗೆ 2.4 ಕೆಜಿ, 45.4, 31.5.

2.5 ಕೆಜಿಯ ಗೆರೆಯೊಂದನ್ನೇ ನೋಡುವವರು ಎರಡು ಕಡೆ ಎಡವುತ್ತಾರೆ. 41 ವಾರ ತುಂಬಿದ 2.6 ಕೆಜಿಯ ಗಂಡು ಮಗು ಆ ಗೆರೆಯ ಮೇಲಿದೆ, ಆದರೆ ಆ ವಾರದ 10ನೇ ಶೇಕಡಾಂಕಕ್ಕಿಂತ ಎಷ್ಟೋ ಕೆಳಗಿದೆ. 35 ವಾರಕ್ಕೆ ಹುಟ್ಟಿದ 2.3 ಕೆಜಿಯ ಮಗು ಗೆರೆಯ ಕೆಳಗಿದೆ, ಆದರೆ ಅದರ ಬೆಳವಣಿಗೆಯಲ್ಲಿ ಏನೂ ಕೊರತೆಯಿಲ್ಲ, ಅದು ಬೇಗ ಬಂದಿದೆ ಅಷ್ಟೆ. ಮೊದಲನೆಯದರ ಮನೆಯವರು ನಿಶ್ಚಿಂತೆಯಿಂದಿರುತ್ತಾರೆ, ಎರಡನೆಯದರ ಅಜ್ಜಿ ಸೊಸೆಗೆ "ನೀನು ಸರಿಯಾಗಿ ಉಣ್ಣಲಿಲ್ಲ" ಎನ್ನುತ್ತಾರೆ.

ಹಂತ 6: ಮೈಯ ಆಕಾರ ಏನು ಹೇಳುತ್ತದೆ

ಪಾಂಡರಲ್ ಇಂಡೆಕ್ಸ್ ಎನ್ನುವುದು ಮಗು ತನ್ನ ಉದ್ದಕ್ಕೆ ಎಷ್ಟು ತುಂಬಿಕೊಂಡಿದೆ ಎಂದು ತಿಳಿಸುವ ಅಂಕಿ. ಲೆಕ್ಕ ಸುಲಭ: ಗ್ರಾಮಿನಲ್ಲಿ ತೂಕವನ್ನು 100ರಿಂದ ಗುಣಿಸಿ, ಸೆಂಟಿಮೀಟರಿನಲ್ಲಿ ಉದ್ದ×ಉದ್ದ×ಉದ್ದ ಮಾಡಿದಾಗ ಬರುವ ಅಂಕಿಯಿಂದ ಭಾಗಿಸಿ.

39 ವಾರಕ್ಕೆ ಹುಟ್ಟಿದ ಇಬ್ಬರು ಹೆಣ್ಣುಮಕ್ಕಳು, ಇಬ್ಬರದ್ದೂ 2,300 ಗ್ರಾಂ ಎಂದಿಟ್ಟುಕೊಳ್ಳಿ. ತೂಕದಲ್ಲಿ ಇಬ್ಬರೂ 10ರ ಗೆರೆಯ ಕೆಳಗೆ.

ಮೊದಲನೆಯವಳ ಉದ್ದ 49, ತಲೆ 34. 49×49×49 = 1,17,649. 2,30,000ವನ್ನು ಅದರಿಂದ ಭಾಗಿಸಿದರೆ 1.95. ತಿಂಗಳು ತುಂಬಿದ ಮಗುವಿಗೆ 2ಕ್ಕಿಂತ ಕಡಿಮೆ ಎಂದರೆ ಸೊರಗಿದ ಮೈ. ಉದ್ದವೂ ತಲೆಯೂ ಸರಿಯಾಗಿವೆ, ತೂಕ ಮಾತ್ರ ಇಲ್ಲ. ಇದಕ್ಕೆ ಅಸಮ ಕುಂಠಿತ ಎನ್ನುತ್ತಾರೆ. ಸಾಮಾನ್ಯವಾಗಿ ಕೊನೆಯ ಮೂರು ತಿಂಗಳಲ್ಲಿ ಮಾಸು ಸಾಕಷ್ಟು ರಕ್ತ ಒದಗಿಸದಿದ್ದಾಗ, ಅದರಲ್ಲೂ ತಾಯಿಗೆ ರಕ್ತದೊತ್ತಡ ಏರಿದಾಗ, ಹೀಗಾಗುತ್ತದೆ. ಬಂದಷ್ಟು ರಕ್ತವನ್ನು ಭ್ರೂಣ ಮೊದಲು ಮೆದುಳು, ಹೃದಯಕ್ಕೆ ಹರಿಸುತ್ತದೆ. ಯಕೃತ್ತಿನಲ್ಲಿ ಸಕ್ಕರೆಯ ದಾಸ್ತಾನು, ಚರ್ಮದಡಿಯ ಕೊಬ್ಬು ಎರಡೂ ಕೂಡುವುದಿಲ್ಲ. ಹುಟ್ಟಿದ ಮೇಲೆ ಇಂಥ ಮಗುವಿಗೆ ಸಕ್ಕರೆ ಕುಸಿಯುವುದು, ಮೈ ತಣ್ಣಗಾಗುವುದು ಆ ಕಾರಣಕ್ಕೇ.

ಎರಡನೆಯವಳ ಉದ್ದ 45, ತಲೆ 31. ಲೆಕ್ಕ ಹಾಕಿದರೆ 2.52. ಮೈ ಸೊರಗಿಲ್ಲ, ಆದರೆ ಎಲ್ಲವೂ ಒಂದೇ ಪ್ರಮಾಣದಲ್ಲಿ ಸಣ್ಣ, ತಲೆಯೂ ಗಡಿಯ ಕೆಳಗೆ. ಇದು ಸಮ ಕುಂಠಿತ. ಗರ್ಭದ ಆರಂಭದಲ್ಲೇ ತೊಡಕಾಗಿರುವ ಸಾಧ್ಯತೆ ಇದೆ: ವರ್ಣತಂತುಗಳ ದೋಷ, ರುಬೆಲ್ಲಾ ಅಥವಾ ಸೈಟೊಮೆಗಾಲೊ ವೈರಸ್‌ನಂಥ ಸೋಂಕು. ಕೆಲವೊಮ್ಮೆ ಮನೆತನದ ಮೈಕಟ್ಟೇ ಅಂಥದ್ದು. ಈ ಮಗುವಿಗೆ ವೈದ್ಯರು ಕಾರಣ ಹುಡುಕುವ ಪರೀಕ್ಷೆಗಳನ್ನು ಹೇಳಬಹುದು. ಪಾಂಡರಲ್ ಇಂಡೆಕ್ಸ್ ಸರಿಯಿದೆ ಎಂದು ನೆಮ್ಮದಿಯಾಗಿ ಮನೆಗೆ ಹೋಗುವಂತಿಲ್ಲ.

ಎರಡು ಎಚ್ಚರಿಕೆ. ಮೊದಲನೆಯವಳ ಉದ್ದವನ್ನು ಯಾರಾದರೂ 47 ಎಂದು ತಪ್ಪಾಗಿ ಬರೆದಿದ್ದರೆ ಲೆಕ್ಕ 2.22 ಬರುತ್ತಿತ್ತು, ಸಂಶಯವೇ ಹುಟ್ಟುತ್ತಿರಲಿಲ್ಲ. ಇನ್ನು ಸಮ, ಅಸಮ ಎಂಬ ವಿಂಗಡಣೆಯನ್ನು ಕಲ್ಲಿನ ಮೇಲಿನ ಬರಹ ಎಂದುಕೊಳ್ಳಬೇಡಿ. ಮಾಸಿನ ತೊಂದರೆ ಬೇಗ ಶುರುವಾಗಿ ಬಹಳ ಕಾಲ ಉಳಿದರೆ ಕೊನೆಗೆ ತಲೆಯೂ ಸಣ್ಣದಾಗುತ್ತದೆ.

ಟೇಪು ಹೇಳದ್ದನ್ನು ಕಣ್ಣು ಹೇಳುವುದುಂಟು. ತೊಡೆ, ಪೃಷ್ಠದಲ್ಲಿ ಜೋಲುವ ಚರ್ಮ, ಒಳಸರಿದ ಕೆನ್ನೆ, ಸುಲಿಯುವ ಒಣ ಚರ್ಮ, ಉದ್ದ ಉಗುರು, ಸಣಕಲು ಹೊಕ್ಕುಳಬಳ್ಳಿ, ವಯಸ್ಸಾದವರಂಥ ಮುಖ. ಇದನ್ನು ಅಂಕವಾಗಿಸುವ ಕ್ಯಾನ್ ಸ್ಕೋರ್ ಎಂಬ ವಿಧಾನ 1994ರಲ್ಲಿ ಬಂತು: ಕೂದಲು, ಕೆನ್ನೆ, ಕತ್ತು, ತೋಳು, ಕಾಲು, ಬೆನ್ನು, ಪೃಷ್ಠ, ಎದೆ, ಹೊಟ್ಟೆ, ಪ್ರತಿಯೊಂದಕ್ಕೂ 1ರಿಂದ 4. ಒಟ್ಟು 25ಕ್ಕಿಂತ ಕಡಿಮೆಯಾದರೆ ಗರ್ಭದಲ್ಲಿ ಪೋಷಣೆ ಸಾಲದಾಗಿತ್ತು ಎಂದರ್ಥ. ನಾನು ಮೇಲೆ ಹೇಳಿದ 2.9 ಕೆಜಿಯ ಮಗುವನ್ನು ಪತ್ತೆಮಾಡುವುದು ಚಾರ್ಟ್ ಅಲ್ಲ, ಈ ನೋಟ.

ಹಂತ 7: ಎಲ್ಲವನ್ನೂ ಕೂಡಿಸಿ

ಹುಟ್ಟಿದ ಮಗುವಿನಲ್ಲಿ ಬೆಳವಣಿಗೆ ಕುಂಠಿತವಾಗಿದೆ ಎಂದು ಯಾವಾಗ ಹೇಳಬೇಕೆಂದು ತಜ್ಞರು ಒಮ್ಮತದಿಂದ ಒಂದು ವ್ಯಾಖ್ಯೆ ಮಾಡಿದ್ದಾರೆ, 2018ರಲ್ಲಿ ಪ್ರಕಟವಾಯಿತು. ತೂಕ 3ನೇ ಶೇಕಡಾಂಕದ ಕೆಳಗಿದ್ದರೆ ಅದೊಂದೇ ಸಾಕು. ಇಲ್ಲದಿದ್ದರೆ ಈ ಐದರಲ್ಲಿ ಮೂರು ಇರಬೇಕು: ತೂಕ 10ರ ಕೆಳಗೆ, ತಲೆ 10ರ ಕೆಳಗೆ, ಉದ್ದ 10ರ ಕೆಳಗೆ, ಹುಟ್ಟುವ ಮೊದಲೇ ಸ್ಕ್ಯಾನಿನಲ್ಲಿ ಎಫ್‌ಜಿಆರ್ ಪತ್ತೆ, ತಾಯಿಗೆ ರಕ್ತದೊತ್ತಡದಂಥ ತೊಂದರೆ ಇದ್ದದ್ದು. ಕೊನೆಯ ಎರಡು ಗಮನಿಸಿ. ಮಂಗಳೂರಿನ ಮಕ್ಕಳ ವೈದ್ಯರಿಗೆ ತಾಯಿಯ ಕಾರ್ಡು ತೋರಿಸದಿದ್ದರೆ ಈ ಲೆಕ್ಕ ಅವರಿಗೆ ಪೂರ್ತಿಯಾಗುವುದಿಲ್ಲ.

ಅಳತೆಗಳು "ಆಗಿದೆ" ಎನ್ನುತ್ತವೆ, "ಯಾಕೆ ಆಯಿತು" ಎನ್ನುವುದಿಲ್ಲ. ಇದನ್ನು ಬೇರೆ ಕಡೆಗಿಂತ ನಮ್ಮ ಜಿಲ್ಲೆಯಲ್ಲಿ ಹೆಚ್ಚು ಒತ್ತಿ ಹೇಳಬೇಕು. ಗೇರು ತೋಟಗಳ ಮೇಲೆ ಎರಡು ದಶಕಕ್ಕೂ ಹೆಚ್ಚು ಕಾಲ ಎಂಡೋಸಲ್ಫಾನ್ ಕೀಟನಾಶಕ ಸುರಿದ ಎಣ್ಮಕಜೆ, ಪಡ್ರೆ ಕಡೆ ಸಣ್ಣ ಮಗು ಹುಟ್ಟಿದರೆ ಮನೆಯವರ ಬಾಯಿಗೆ ಮೊದಲು ಬರುವ ಹೆಸರು ಅದು. ಆ ಭಯ ಸುಮ್ಮನೆ ಬಂದದ್ದಲ್ಲ. ಆದರೆ ಅದೊಂದನ್ನೇ ಕಾರಣ ಎಂದು ನಿಶ್ಚಯಿಸಿಕೊಂಡು ತಾಯಿಯ ರಕ್ತದೊತ್ತಡ, ರಕ್ತಹೀನತೆ, ಮನೆಯಲ್ಲಿನ ಬೀಡಿ ಸಿಗರೇಟಿನ ಹೊಗೆ ಇವನ್ನು ವೈದ್ಯರಿಗೆ ಹೇಳದೆ ಬಿಟ್ಟರೆ, ಸರಿಪಡಿಸಬಹುದಾದ ಕಾರಣ ಕೈತಪ್ಪುತ್ತದೆ.

ಹಂತ 8: ಕುಂಠಿತ ಎಂದು ಕಂಡರೆ

ಮೊದಲ 48 ಗಂಟೆ ನಿರ್ಣಾಯಕ. ಗಂಟೆಯೊಳಗೆ ಮೊದಲ ಹಾಲು, ನಂತರ ಎರಡು ಮೂರು ಗಂಟೆಗೊಮ್ಮೆ, ಮಗು ನಿದ್ದೆಯಲ್ಲಿದ್ದರೂ ಎಬ್ಬಿಸಿ. ಜೇನು, ಸಕ್ಕರೆ ನೀರು ನೆಕ್ಕಿಸಬೇಡಿ. ರಕ್ತದ ಸಕ್ಕರೆ ಪರೀಕ್ಷಿಸಲು ಹಿಮ್ಮಡಿ ಚುಚ್ಚುವುದನ್ನು ಕಂಡು "ಇಷ್ಟು ಸಣ್ಣ ಮಗುವಿಗೆ ಎಷ್ಟು ಸಲ ಚುಚ್ಚುತ್ತಾರೆ" ಎಂದು ತಡೆಯಬೇಡಿ, ಇಂಥ ಮಗುವಿಗೆ ಅದು ಬೇಕೇ ಬೇಕು. ತಾಯಿಯ ಎದೆಗೆ ಚರ್ಮಕ್ಕೆ ಚರ್ಮ ತಾಗುವಂತೆ ಅಪ್ಪಿಸಿಕೊಂಡಿರುವ ಕಾಂಗರೂ ಆರೈಕೆ ಬಿಸಿ ಕಾಪಾಡುತ್ತದೆ. ಅಪ್ಪನೂ ಮಾಡಬಹುದು, ಅಜ್ಜಿಯೂ ಮಾಡಬಹುದು. ಎಣ್ಣೆ ಹಚ್ಚಿ ಮೀಯಿಸುವುದನ್ನು ವೈದ್ಯರು ಒಪ್ಪುವವರೆಗೆ ಮುಂದೂಡಿ. ಮಳೆಗಾಲದ ಬಚ್ಚಲುಮನೆಯ ಥಂಡಿ ಈ ಮಕ್ಕಳಿಗೆ ಆಗದು.

ಹಾಲು ಎಳೆಯದಿರುವುದು, ಎಬ್ಬಿಸಿದರೂ ಏಳದಿರುವುದು, ಮೈ ನಡುಗುವುದು ಅಥವಾ ಸೆಳೆತ, ಕೈಕಾಲಷ್ಟೇ ಅಲ್ಲದೆ ಹೊಟ್ಟೆಯೂ ತಣ್ಣಗಿರುವುದು, ನಿಮಿಷಕ್ಕೆ 60ಕ್ಕಿಂತ ಹೆಚ್ಚು ಉಸಿರು, ಅಂಗೈ ಅಂಗಾಲಿನವರೆಗೆ ಹಳದಿ: ಇವುಗಳಲ್ಲಿ ಒಂದು ಕಂಡರೂ ಬೆಳಗಾಗಲಿ ಎಂದು ಕಾಯದೆ ಆಸ್ಪತ್ರೆಗೆ ಹೊರಡಿ. 108ಕ್ಕೆ ಕರೆ ಮಾಡಿ. ಕೇರಳದ ಆರೋಗ್ಯ ಸಹಾಯವಾಣಿ 1056.

ಮನೆಗೆ ಬಂದ ಮೇಲೆ ಆಶಾ ಕಾರ್ಯಕರ್ತೆ 3, 7, 14, 21, 28, 42ನೇ ದಿನ ಭೇಟಿ ಕೊಡುವ ವ್ಯವಸ್ಥೆಯಿದೆ. ನೀವು ತವರಿಗೆ ಹೋಗಿದ್ದರೆ, ಅದರಲ್ಲೂ ಗಡಿ ದಾಟಿ ದಕ್ಷಿಣ ಕನ್ನಡಕ್ಕೆ ಹೋಗಿದ್ದರೆ, ಆ ಊರಿನ ಆಶಾ ಕಾರ್ಯಕರ್ತೆಗೆ ತಿಳಿಸಿ. ಇಲ್ಲದಿದ್ದರೆ ಎರಡೂ ಕಡೆಯವರ ಪಟ್ಟಿಯಿಂದ ಮಗು ತಪ್ಪಿಹೋಗುತ್ತದೆ. ಎರಡು ವಾರದೊಳಗೆ ಹುಟ್ಟಿದ ತೂಕಕ್ಕೆ ಮರಳಬೇಕು, ಆಮೇಲೆ ದಿನಕ್ಕೆ 20ರಿಂದ 30 ಗ್ರಾಂ ಏರಬೇಕು. ತಲೆಯ ಸುತ್ತಳತೆಯನ್ನೂ ಪ್ರತಿ ಲಸಿಕೆಯ ದಿನ ಅಳೆಯಿಸಿ ಬರೆಸಿ. ಬೇಗ ದಪ್ಪವಾಗಲಿ ಎಂದು ಡಬ್ಬದ ಹಾಲು ತುಂಬಿಸುವುದು ಬೇಡ. ಗರ್ಭದಲ್ಲಿ ಸೊರಗಿ ಹುಟ್ಟಿದ ಮೇಲೆ ಅತಿವೇಗವಾಗಿ ಕೊಬ್ಬೇರಿದ ಮಕ್ಕಳಿಗೆ ಮುಂದೆ ಮಧುಮೇಹ, ರಕ್ತದೊತ್ತಡದ ಅಪಾಯ ಹೆಚ್ಚು.

ಮುಂದಿನ ಸಲ ಗರ್ಭಿಣಿಯಾದಾಗ ಈ ಅಳತೆಗಳ ಕಾಗದವನ್ನು ಮೊದಲ ಭೇಟಿಯಲ್ಲೇ ವೈದ್ಯರಿಗೆ ತೋರಿಸಿ. ಹಿಂದಿನ ಮಗುವಿನ ಬೆಳವಣಿಗೆ ಕುಂಠಿತವಾಗಿತ್ತು ಎಂದು ಗೊತ್ತಾದರೆ ಅವರು ಹೊಟ್ಟೆಯ ಎತ್ತರವನ್ನು ಪ್ರತಿ ಸಲ ಟೇಪಿನಲ್ಲಿ ಅಳೆಯುತ್ತಾರೆ (20 ವಾರದ ನಂತರ ಸೆಂಟಿಮೀಟರೂ ವಾರವೂ ಹೆಚ್ಚುಕಡಿಮೆ ಒಂದೇ ಇರಬೇಕು, 3 ಸೆಂ.ಮೀ. ಹಿಂದೆ ಬಿದ್ದರೆ ಸ್ಕ್ಯಾನ್), ಬೆಳವಣಿಗೆ ನೋಡುವ ಸ್ಕ್ಯಾನನ್ನು ಹೆಚ್ಚು ಸಲ ಮಾಡಿಸುತ್ತಾರೆ, ಹೊಕ್ಕುಳಬಳ್ಳಿಯ ರಕ್ತದ ಹರಿವನ್ನು ಡಾಪ್ಲರ್ ಸ್ಕ್ಯಾನಿನಲ್ಲಿ ನೋಡುತ್ತಾರೆ. ಕೆಲವರಿಗೆ ಸಣ್ಣ ಪ್ರಮಾಣದ ಆಸ್ಪಿರಿನ್ ಬರೆದುಕೊಡುವುದೂ ಉಂಟು. ಅದನ್ನು 16 ವಾರದೊಳಗೆ ಶುರುಮಾಡಿದರೆ ಮಾತ್ರ ಹೆಚ್ಚಿನ ಪ್ರಯೋಜನ, ಹಾಗಾಗಿ ಐದನೇ ತಿಂಗಳಿಗೆ ಮೊದಲ ಭೇಟಿ ಎಂದು ಕಾದು ಕೂರಬೇಡಿ. ಮತ್ತು ಅದನ್ನು ವೈದ್ಯರು ಹೇಳದೆ ಅಂಗಡಿಯಿಂದ ತಂದು ನುಂಗಬೇಡಿ.